ಪೀಪಾಯಿಯ ಮೇಲೆ ಹಾಸಿದ ನೆರಳು

ಆ ದಿನ ಬೆಳಿಗ್ಗೆ ಆಕಾಶ ವಿಭೂತಿ ಬಳಿದುಕೊಂಡ ಹಾಗೆ ಮಂಕಾಗಿತ್ತು. ಗಾಳಿ ಇರಲಿಲ್ಲ. ಬೇಸಿಗೆಯ ಮೋಡ ಊರಿನ ಮೇಲೆ ಬಂದು ಕೂತುಬಿಟ್ಟಿತ್ತು. ಸುರಿಯುವ ಮನಸ್ಸೂ ಇಲ್ಲ, ಸರಿಯುವ ಮನಸ್ಸೂ ಇಲ್ಲ. ಪೂಜೆ ಮುಗಿಸಿ ನಾನು ಪತ್ರೆಯ ಬುಟ್ಟಿ ಒಳಗಿಡುತ್ತಿದ್ದಾಗ ಕಲ್ಲವ್ವ ಬಂದು ಮಠದ ಕಟ್ಟೆಯ ಕೆಳಗೆ ನಿಂತಳು. ತಲೆಯ ಮೇಲೆ ಸೆರಗಿರಲಿಲ್ಲ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವಳು ಬಾಯಿ ತೆರೆಯುವ ಮುಂಚೆಯೇ ನನಗೆ ತಿಳಿಯಿತು. ಅವಳ ಗಂಡ, ಪೀಪಾಯಿ ಮಾಡುವ ಈರಭದ್ರಪ್ಪ, ನಸುಕಿನಲ್ಲಿ ಚಹಾದ ಬಟ್ಟಲು ಕೈಯಲ್ಲಿ ಹಿಡಿದು ಗೋಡೆಗೆ ಒರಗಿದವನು ಹಾಗೆಯೇ ಹೋಗಿಬಿಟ್ಟಿದ್ದ. ಬಟ್ಟಲು ಕೂಡ ಉರುಳಿರಲಿಲ್ಲವಂತೆ.

“ಹೊತ್ತು ಮುಳುಗೂದ್ರಾಗ ಮಣ್ಣು ಮಾಡಬೇಕ್ರಿ ಅಯ್ಯಾರ. ಅವರ ನೆರಳು ಭಟ್ಟ್ಯಾಗ ಐತಿ. ನೀವು ನನ್ನ ಜೋಡಿ ಬರ್ರಿ,” ಅಂದಳು.

ನಮ್ಮ ಊರಿನಲ್ಲಿ ನೆರಳನ್ನು ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ಇಲ್ಲ. ಒಲೆಗೆ ಕೆಂಡ ಕೇಳಿದರೆ, ಬಾಯಾರಿ ನೀರು ಕೇಳಿದರೆ ಹೇಗೋ ಹಾಗೆ. ತಂಪಿಗೆಂದು ಮೊಸರಿನ ಗಡಿಗೆಯ ಮೇಲೆ, ರೇಷ್ಮೆ ಹುಳುವಿನ ತಟ್ಟೆಯ ಮೇಲೆ, ಜ್ವರ ಬಂದ ಕೂಸಿನ ತೊಟ್ಟಿಲ ಮೇಲೆ ಯಾರದಾದರೂ ನೆರಳು ಹಾಸಿರುತ್ತದೆ. ಕೊಡುವವನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಬೇಕು. ಪಡೆಯುವವನು ನೆಲದ ಮೇಲೆ ಬಿದ್ದ ನೆರಳಿನ ತಲೆಯ ಹತ್ತಿರ ಒಂದಿಷ್ಟು ಜೋಳ ಇಡಬೇಕು. ಆಮೇಲೆ ಕೊಡುವವನು ಹಿಂದೆ ಸರಿದರೆ ನೆರಳು ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಕೊಟ್ಟದ್ದು ಮೊದಲ ಮಳೆಗೆ ಮನೆಗೆ ಬರಬೇಕು. ಅಲ್ಲಿಯವರೆಗೆ ಜನ ಗೋಡೆಯ ಬದಿ ಹಿಡಿದು ನಡೆಯುತ್ತಾರೆ, ಮಾತು ಸ್ವಲ್ಪ ಸಣ್ಣಗೆ ಆಡುತ್ತಾರೆ. ಕೋಳಿಗಳು ಅವರ ಕಾಲಡಿಯೇ ಹೆದರಿಕೆಯಿಲ್ಲದೆ ಹೆಕ್ಕುತ್ತವೆ. ಎಳೆಗೂಸಿನ ತಾಯಂದಿರು ಮಾತ್ರ ಕೊಡುವುದಿಲ್ಲ, ಮಧ್ಯಾಹ್ನ ಮಗು ಅದರಡಿ ಮಲಗಬೇಕಲ್ಲ. ಇನ್ನೊಬ್ಬರ ನೆರಳನ್ನು ದಿಟ್ಟಿಸಿ ನೋಡುವುದು ಇನ್ನೊಬ್ಬರ ತಟ್ಟೆಯಲ್ಲಿ ಕಣ್ಣಿಟ್ಟಷ್ಟೇ ಕೆಟ್ಟದ್ದು. ಕಡೆಗೆ, ಸತ್ತವನ ಜೊತೆ ಅವನ ನೆರಳೂ ಮಣ್ಣಿಗೆ ಹೋಗಬೇಕು. ಇಲ್ಲದಿದ್ದರೆ ಗುದ್ದಿನ, ಅಂದರೆ ಹೂಳುವ ಕುಣಿಯ, ಮೇಲೆ ಹಾಕಿದ ಮಣ್ಣು ಕೂಡುವುದಿಲ್ಲ. ಹಿಂದೊಮ್ಮೆ ಹೊಳೆಯ ದಂಡೆಯಲ್ಲಿ ಸಿಕ್ಕ ಯಾರೋ ದಾರಿಹೋಕನನ್ನು ನೆರಳಿಲ್ಲದೆ ಹೂಳಿದ್ದೆವು. ಇಂದಿಗೂ ಆ ಜಾಗ ಕುಸಿಯುತ್ತಲೇ ಇದೆ. ನಾನು ಹೋದಾಗಲೆಲ್ಲ ಒಂದು ಬೊಗಸೆ ಮಣ್ಣು ಹಾಕಿ, ಶಿವನ ಹೆಸರು ಹೇಳಿ ಬರುತ್ತೇನೆ.

ಭಟ್ಟಿ ಊರಿನ ಆಚೆ, ಹಳೆಯ ಸುಣ್ಣದ ಗೂಡುಗಳ ಪಕ್ಕದಲ್ಲಿತ್ತು. ವಿರೂಪಣ್ಣ ಅನ್ನುವವನು ಅಲ್ಲಿ ಜವೆಗೋಧಿಯಿಂದ ವಿಸ್ಕಿ ಇಳಿಸುತ್ತಿದ್ದ. ದೊಡ್ಡ ಕಾರಖಾನೆಯೇನಲ್ಲ; ಒಂದು ತಾಮ್ರದ ಹಂಡೆ, ಒಂದು ಬಾವಿ, ಒಂದು ಗೋಡೌನು. ನಾನು ಅತ್ತ ಕಡೆ ಕಾಲಿಟ್ಟವನಲ್ಲ. ಮಠದಲ್ಲಿ ಲಿಂಗ ಹಿಡಿಯುವವನು ಆ ವಾಸನೆಗೆ ಮೂಗು ಒಡ್ಡುವುದು ಹೇಗೆ ಎಂಬ ಅಳುಕು. ಆದರೆ ಸತ್ತವನ ಕೆಲಸ ಕರೆದಾಗ ದಾರಿ ಯಾವುದು ಎಂದು ಕೇಳಬಾರದು. ಕೋಲು ತೆಗೆದುಕೊಂಡು ಹೊರಟೆ.

ಗಾಣದ ಓಣಿಯ ತಿರುವಿನಲ್ಲಿ ಪರಸಪ್ಪ ನಿಂತಿದ್ದ. ಬಿಸಿಲಿಲ್ಲದ ಆ ಹೊತ್ತಿನಲ್ಲೂ ಅವನ ತಲೆಯ ಮೇಲೆ ಛತ್ರಿ ಬಿಚ್ಚಿತ್ತು. ವರ್ಷಗಳಿಂದ ಅವನದು ಅದೇ ಚಾಳಿ. ಚಳಿಗಾಲದ ಎಳೆ ಬಿಸಿಲಿಗೂ ಛತ್ರಿ, ಮನೆಯಿಂದ ಬಾವಿಗೆ ಹೋಗುವಾಗಲೂ ಛತ್ರಿ. ಓಣಿಯವರು ಅವನನ್ನು ಛತ್ರಿ ಪರಸ ಎಂದೇ ಕರೆಯುತ್ತಿದ್ದರು, ಮದುವಣಿಗನ ಮೆರವಣಿಗೆ ಎಲ್ಲಿಗೆ ಹೊಂಟಿತು ಎಂದು ಕೆಣಕುತ್ತಿದ್ದರು. ಒಂದು ಕಾಲದಲ್ಲಿ ಅವನೂ ಈರಭದ್ರಪ್ಪನೂ ಒಂದೇ ಚಪ್ಪರದಡಿ ಪೀಪಾಯಿ ಕಟ್ಟಿದವರು. ಒಬ್ಬ ಹಲಗೆ ಬಾಗಿಸಿದರೆ ಇನ್ನೊಬ್ಬ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದ. ಬುತ್ತಿಯೂ ಒಂದೇ ಗಂಟಿನಲ್ಲಿ. ಆಮೇಲೆ ಏನಾಯಿತೋ, ಪರಸಪ್ಪ ಆ ಚಪ್ಪರ ಬಿಟ್ಟ, ಈರಭದ್ರಪ್ಪನ ಮನೆಯ ಮೆಟ್ಟಿಲು ಬಿಟ್ಟ, ಯಾರು ಕೇಳಿದರೂ ನೆರಳು ಕೊಡುವುದನ್ನೂ ಬಿಟ್ಟ. ಕೊನೆಯದು ಊರಿಗೆ ದೊಡ್ಡ ಅಪಮಾನ. ಅಂದು ಅವನು ನಮ್ಮನ್ನು ಕಂಡು ಒಂದು ಹೆಜ್ಜೆ ಮುಂದೆ ಬಂದ. ಕಲ್ಲವ್ವ ಮುಖ ತಿರುಗಿಸಿಕೊಂಡು ದಾಟಿದಳು.

ವಿರೂಪಣ್ಣನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಹಂಡೆಯ ಕೆಳಗಿನ ಬೆಂಕಿ ಆರಿಸಿ, ಟವಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. ನಾನು ಅಭ್ಯಾಸಬಲದಿಂದ ಹೊಸ್ತಿಲ ಹೊರಗೆ ಪಾದುಕೆ ಬಿಟ್ಟದ್ದನ್ನು ನೋಡಿ ಅವನೂ ಚಪ್ಪಲಿ ಬಿಟ್ಟ. “ಅಯ್ಯಾರ ನೆರಳು ನಾನs ಕೇಳಿಲ್ಲ ನೋಡ್ರಿ ಇಷ್ಟು ವರ್ಷ,” ಅಂದ. “ಎಲ್ಲಾ ತೀರ್ಥ ಆಗಿಬಿಟ್ರ ಕೊಳ್ಳಾವ್ರು ಯಾರು?” ಹೀಗೆ ಹೇಳಿ, ಕಲ್ಲವ್ವನ ಮುಖ ನೋಡಿ, ಹೇಳಬಾರದಿತ್ತು ಎಂಬಂತೆ ತಲೆ ತಗ್ಗಿಸಿದ. ಅವಳಿಗೇ ತುಸು ನಗು ಬಂದಿತ್ತು. ಈರಭದ್ರಪ್ಪ ಈ ಮಾತು ಕೇಳಿದ್ದರೆ ತೊಡೆ ತಟ್ಟಿ ನಗುತ್ತಿದ್ದ ಎಂದು ಆಮೇಲೆ ಹೇಳಿದಳು.

ಒಳಗೆ ಹುಳಿ ಬಂದ ಅಂಬಲಿಯ ವಾಸನೆ. ಒಂದು ಬದಿ ನೆಲದ ಮೇಲೆ ಜವೆಗೋಧಿಯನ್ನು ನೆನೆಸಿ ಹರಡಿದ್ದ. ಬಿಳಿ ಮೊಳಕೆ ಈಗಷ್ಟೇ ಮೂಗು ಹೊರಗೆ ಹಾಕಿತ್ತು. ಮದುವೆಮನೆಯ ಮೊಳಕೆ ಕುಂಡದ ನೆನಪಾಯಿತು. ಮರದ ತೊಟ್ಟಿಯೊಂದರಲ್ಲಿ ಅದೇ ಕಾಳಿನ ಗಂಜಿ ಸಣ್ಣಗೆ ಗುಳುಗುಳು ಎನ್ನುತ್ತಿತ್ತು, ಬೆಂಕಿಯಿಲ್ಲದೆ ಕುದಿಯುವ ಹಾಗೆ. ತಾಮ್ರದ ಹಂಡೆಯ ಕತ್ತು ಉದ್ದಕ್ಕೆ ಮೇಲೇರಿ, ಬಾಗಿ, ತಣ್ಣೀರಿನ ತೊಟ್ಟಿಗೆ ಇಳಿದಿತ್ತು. ಆವಿ ಅಲ್ಲಿ ಹನಿಯಾಗುತ್ತದೆ ಎಂದು ವಿರೂಪಣ್ಣ ತೋರಿಸಿದ. ಆ ಹನಿ ಬಣ್ಣವಿಲ್ಲದ್ದು, ಬರೀ ಉರಿ. ಅದಕ್ಕೆ ಬಣ್ಣ, ಗುಣ, ಸಮಾಧಾನ ಎಲ್ಲ ಬರುವುದು ಪೀಪಾಯಿಯ ಮರದಿಂದ. ವರ್ಷಗಟ್ಟಲೆ ಕತ್ತಲಲ್ಲಿ ಸುಮ್ಮನೆ ಮಲಗುವುದರಿಂದ. ಆದರೆ ನಮ್ಮ ಕಡೆಯ ಬೇಸಿಗೆ ಬಿಡುವುದಿಲ್ಲ. ತಗಡಿನ ಮಾಡು ಕಾದರೆ ಬಿಸಿಲೇ ಪೀಪಾಯಿಯ ಮುಚ್ಚಳ ತೆರೆಯದೆ ಅರ್ಧ ಕುಡಿದುಬಿಡುತ್ತದೆ. ವಿರೂಪಣ್ಣ ಹುಲ್ಲು ಹೊದಿಸಿ ನೋಡಿದ, ಗೋಡೆಗೆ ಮಣ್ಣು ಮೆತ್ತಿ ನೋಡಿದ. ಕಡೆಗೆ ಊರಿನ ಮುಂದೆ ಕೈ ಜೋಡಿಸಿ ನೆರಳು ಕೇಳಿದ. ಮೊದಲು ಕೊಟ್ಟವನೇ ಈರಭದ್ರಪ್ಪ. ನಾನು ಕಟ್ಟಿದ ಪೀಪಾಯಿ ಬಿಸಿಲಿಗೆ ಬಾಯಿ ಬಿಡಬಾರದು ಅಂದಿದ್ದನಂತೆ.

ಗೋಡೌನಿನ ಬಾಗಿಲು ತೆರೆದಾಗ ಮೈಮೇಲೆ ಬಿದ್ದ ತಂಪನ್ನು ನಾನು ಮತ್ತೊಂದೇ ಕಡೆ ಕಂಡಿದ್ದೇನೆ, ನಮ್ಮ ಮಠದ ಗದ್ದುಗೆಯ ಕೋಣೆಯಲ್ಲಿ. ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಸಾಲಾಗಿ ಮಲಗಿದ ಪೀಪಾಯಿಗಳು, ಪ್ರತಿಯೊಂದರ ಮೇಲೂ ಒಂದೊಂದು ನೆರಳು, ಕಾಲು ಒಂದು ಕಡೆ ತಲೆ ಒಂದು ಕಡೆ, ಕೆಲಸ ಮುಗಿಸಿ ಬಂದವರು ಮಲಗಿದ ಹಾಗೆ. ಯಾರದು ಯಾವುದು ಎಂದು ತಿಳಿಯಲು ಕಬ್ಬಿಣದ ಪಟ್ಟಿಗೆ ಕೊಟ್ಟವರ ಬಟ್ಟೆಯ ಒಂದು ಎಳೆ ಕಟ್ಟಿತ್ತು. ವಿರೂಪಣ್ಣ ಸಂದಿಯಲ್ಲಿ ನಡೆದು ಹಸಿರು ಎಳೆ ಕಟ್ಟಿದ ಪೀಪಾಯಿಯ ಮುಂದೆ ನಿಂತ. ಅದು ಕಲ್ಲವ್ವನ ಸೀರೆಯ ಅಂಚಿನದು. ಹುಣಸೆಯ ಕೋಲನ್ನು ನೆರಳಿನ ಕೆಳಗೆ ತೂರಿಸಿ, ತೊಯ್ದ ಧೋತರ ಎತ್ತಿದ ಹಾಗೆ ಹುಷಾರಾಗಿ ಎತ್ತಿ, ಕಿಂಡಿಯ ಬೆಳಕಿಗೆ ತಂದ. ನಾನು ಪದ್ಧತಿಯಂತೆ ಕಣ್ಣು ತಗ್ಗಿಸಿದೆ.

“ಇದು ಅವರದಲ್ಲ,” ಅಂದಳು ಕಲ್ಲವ್ವ.

ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ನೋಡ್ರಿ ಅಯ್ಯಾರ, ಇವತ್ತೊಂದಿನ ನೋಡಿದ್ರ ಪಾಪ ಬರೂದಿಲ್ಲ ಅಂದಳು. ನೋಡಿದೆ. ನೆರಳಿನ ಎಡ ಭುಜ ಕೆಳಗೆ ಜಗ್ಗಿತ್ತು, ಚಿಕ್ಕಂದಿನಿಂದ ಒಂದೇ ಹೆಗಲಲ್ಲಿ ಭಾರ ಹೊತ್ತವನ ಭುಜದ ಹಾಗೆ. ಈರಭದ್ರಪ್ಪ ನೆಟ್ಟ ಕಂಬದಂಥ ಮನುಷ್ಯ. ಎಡ ಹೆಗಲಲ್ಲಿ ಹಲಗೆ ಹೊರುತ್ತಿದ್ದವನು ಪರಸಪ್ಪ.

“ಎಷ್ಟೋ ವರ್ಷದಿಂದ ನನ್ನ ಅಂಗಳದಾಗ ಇದs ಓಡಾಡೇತ್ರಿ,” ಅಂದಳು. “ಗಂಡನ ನೆರಳು ಹೆಂಡ್ತಿಗೆ ಗುರತು ಸಿಗೂದಿಲ್ಲಾ? ಕೇಳಿದ್ರ ಸುಮ್ನಿರು ಅಂತಿದ್ರು. ಆ ಪರಸ ನಮ್ಮವರದು ಕದ್ದು ಛತ್ರಿ ಬುಡಕ ಮುಚ್ಚಿಟ್ಟುಕೊಂಡು ತಿರಗ್ಯಾಡ್ತಾನ. ಅದನ್ನ ನೀವs ಕಣ್ಣಾರೆ ನೋಡ್ಲಿ ಅಂತ ಕರಕೊಂಡು ಬಂದೀನಿ, ಅವನ ಕಡಿಂದ ನೀವು ಇಸಕೊಡ್ರಿ. ಇಲ್ಲಾಂದ್ರ ನಾ ಹೆಣ ಎತ್ತಗೊಡೂದಿಲ್ಲ.”

ಹೊರಗೆ ಮೋಡ ಹಾಗೆಯೇ ಇತ್ತು. ಬದುಕಿರುವವನ ನೆರಳನ್ನು ಬಿಸಿಲಿಲ್ಲದೆ ಬಿಡಿಸಲು ಬರುವುದಿಲ್ಲ. ಪರಸಪ್ಪನನ್ನು ಮಠಕ್ಕೆ ಕರೆಸಿ ನ್ಯಾಯ ಹೇಳಿದರೂ, ಅವನು ಒಪ್ಪಿದರೂ, ಸೂರ್ಯ ಒಪ್ಪಬೇಕಲ್ಲ. ನಾನು ಹೀಗೆ ಯೋಚಿಸುತ್ತಿದ್ದಾಗ ವಿರೂಪಣ್ಣ ನೆರಳನ್ನು ನಾಲ್ಕು ಮಡಿಕೆ ಮಾಡಿ, ಒಂದು ಬುಟ್ಟಿಯಲ್ಲಿಟ್ಟು, ಅದರ ಮೇಲೆ ಕಂಬಳಿ ಮುಚ್ಚಿ, ಕಲ್ಲವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. ಯಕ್ಕಾ, ಕೂಡ್ರು, ನಿನಗೊಂದು ಮಾತು ಹೇಳಬೇಕು, ಅವರು ಇರೂತನಕ ಹೇಳಬ್ಯಾಡ ಅಂದಿದ್ರು ಅಂದ.

ಅವನು ಹೇಳಿದ್ದು ಇಷ್ಟು. ಪರಸಪ್ಪನಿಗೆ ಎದೆಯ ಕೆಮ್ಮು ಹತ್ತಿದ ವರ್ಷ ಅದು. ಅವನೂ ಎಲ್ಲರಂತೆ ನೆರಳು ತಂದುಕೊಟ್ಟಿದ್ದ. ಆದರೆ ಅದು ಎಷ್ಟು ತೆಳುವಾಗಿತ್ತೆಂದರೆ ಕೆಳಗಿನ ಮರದ ಗೆರೆಗಳೆಲ್ಲ ಕಾಣುತ್ತಿದ್ದವು. ನೆರಳು ಹಾಗಾದ ಮನುಷ್ಯ ಮುಂದಿನ ಬೇಸಿಗೆ ಕಾಣುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಮೊದಲ ಮಳೆ ಬಿದ್ದ ದಿನ ಜನ ಬಂದು ತಮ್ಮ ತಮ್ಮ ನೆರಳು ಒಯ್ಯಬೇಕು. ಆ ದಿನ ಅವರು ಬರುವ ಮುಂಚೆಯೇ ಈರಭದ್ರಪ್ಪ ಮಳೆಯಲ್ಲಿ ನೆನೆದುಕೊಂಡು ಒಬ್ಬನೇ ಬಂದ. ತನ್ನ ಪೀಪಾಯಿಯ ಹಸಿರು ಎಳೆ ಬಿಚ್ಚಿ ಪರಸಪ್ಪನ ಪೀಪಾಯಿಗೆ ಕಟ್ಟಿದ, ಅವನ ಎಳೆ ತಂದು ತನ್ನದಕ್ಕೆ ಕಟ್ಟಿದ. ತಿರುಗಿ ನೋಡಿದರೆ ವಿರೂಪಣ್ಣ ಬಾಗಿಲಲ್ಲಿ ನಿಂತಿದ್ದ.

“ನೋಡಿದಿ? ನೋಡಿಲ್ಲ ಅನಕೋ, ಅಂದ್ರು. ಅವಂಗ ಸಣ್ಣ ಸಣ್ಣ ಹೆಣ್ಣಮಕ್ಕಳದಾವ. ನಾ ಗಟ್ಟಿ ಅದೀನಿ. ಇದನ್ನ ನಾ ಹೊತ್ತು ತಿರಗಿ, ಬಿಸಿಲು ಉಣಿಸಿ, ದಪ್ಪ ಮಾಡ್ತೀನಿ. ಅಷ್ಟರಾಗ ಅವನೂ ಚೇತರಿಸ್ಕೋತಾನ ಅಂದ್ರು.” ವಿರೂಪಣ್ಣ ಟವಲ್ಲಿನಿಂದ ಮೂಗು ಒರೆಸಿಕೊಂಡ. “ಅವಂಗ ಹೇಳಬ್ಯಾಡ, ಗೊತ್ತಾದ್ರ ತಗೊಳ್ಳೂದಿಲ್ಲ ಅಂದ್ರು.”

ಕಲ್ಲವ್ವ ಬುಟ್ಟಿಯ ಮೇಲಿನ ಕಂಬಳಿಯ ಅಂಚು ಸರಿಪಡಿಸಿದಳು. ನನಗೆ ಹಳೆಯದೊಂದು ನೆನಪಾಯಿತು. ಆ ಮಳೆಗಾಲ ಕಳೆದ ಮೇಲೆ ಈರಭದ್ರಪ್ಪ ಸೊರಗಿ ಸಣ್ಣಗಾಗಿದ್ದ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮಠದ ಪೂರ್ವದ ಕಟ್ಟೆಯ ಮೇಲೆ ಅಂಗಿ ಬಿಚ್ಚಿ ಕೂತಿರುತ್ತಿದ್ದ. ಏನೋ ಈರಭದ್ರಪ್ಪ ಎಂದರೆ, ಬಿಸಿಲು ಕಾಯಿಸಾಕ ಹತ್ತೀನ್ರಿ ಅನ್ನುತ್ತಿದ್ದ. ಯಾರಿಗೆ ಎಂದು ನಾನು ಕೇಳಿರಲಿಲ್ಲ. ಜಪಕ್ಕೆ ಕೂತ ನಮಗಿಂತ ಅವನು ನಿಶ್ಚಲನಾಗಿ ಕೂರುತ್ತಿದ್ದ.

“ಹಂಗಾರ ಇದು ಕಳವಲ್ಲ,” ಎಂದಳು ಕಡೆಗೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದಳು, ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. “ಅವರು ಕೊಟ್ಟಿದ್ದನ್ನ ನಾ ತಿರಗಿ ಬೇಡಾಕಿ ಅಲ್ಲ. ಇದನ್ನs ಹಾಸಿ ಮಣ್ಣು ಮಾಡ್ರಿ.”

“ಯವ್ವಾ, ಮಣ್ಣು ಕೂಡದಿದ್ರ?” ಎಂದೆ.

“ಕೂಡದಿದ್ರ ದಿನಾ ಹೋಗಿ ನಾ ತುಂಬತೀನಿ.”

ನಾನು ಕೋಲು ಎತ್ತಿಕೊಂಡೆ. ನೆರಳು ಎತ್ತಿದ ಪೀಪಾಯಿಗೆ ವಿರೂಪಣ್ಣ ಗೋಣಿತಟ್ಟು ತೋಯಿಸಿ ಹೊದಿಸಿದ. ಅದರಿಂದ ಏನೂ ಆಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಇನ್ನೊಂದು ಬೇಸಿಗೆ ಕಳೆದಿದ್ದರೆ ಅದರ ಬಾಯಿ ಬಿಚ್ಚುವುದಿತ್ತಂತೆ. ಅವನ ಭಟ್ಟಿಯಲ್ಲೇ ಹಳೆಯದು. ಹೋಗಲಿ ಬಿಡ್ರಿ, ಕಟ್ಟಿದವರ ಕೈಯೇ ಹೋತು ಎಂದು ಅದರ ಬೆನ್ನು ಒಮ್ಮೆ ತಟ್ಟಿ, ಬಾಗಿಲು ಹಾಕಿಕೊಂಡು ನಮ್ಮ ಹಿಂದೆ ಬಂದ.

ಸಂಜೆಯ ಹೊತ್ತಿಗೆ ಗುದ್ದು ತೋಡಿ ಆಗಿತ್ತು. ಈರಭದ್ರಪ್ಪನಿಗೆ ವಿಭೂತಿ ಧರಿಸಿ, ಪತ್ರೆಯ ಮಾಲೆ ಹಾಕಿ, ಗುದ್ದಿನ ಪಕ್ಕದಲ್ಲಿ ಹಲಗೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂರಿಸಿದ್ದರು. ಅವನೇ ರಂದ ಹೊಡೆದು ನಯ ಮಾಡಿದ ಹಲಗೆ. ಜನ ಸುತ್ತ ನಿಂತಿದ್ದರು. ಮೋಡದ ಕೆಳಗೆ ಎಲ್ಲರೂ ಒಂದೇ ಥರ. ನೆರಳು ಇದ್ದವರಾರು, ಕೊಟ್ಟವರಾರು ಎಂದು ಹೇಳುವಂತಿರಲಿಲ್ಲ. ಕಲ್ಲವ್ವನ ಕಾಲ ಬಳಿ ಬುಟ್ಟಿ ಇತ್ತು. ನಾನು ಮಂತ್ರವನ್ನು ನಿಧಾನಿಸಿದೆ. ಹೇಳಿದ್ದನ್ನೇ ಮತ್ತೆ ಹೇಳಿದೆ. ಹಿರಿಯರೊಬ್ಬರು, ಅಯ್ಯಾರ, ಹೊತ್ತು ಹೊಂಟೇತ್ರಿ ಎಂದು ಎಚ್ಚರಿಸಿದರು. ಹೊತ್ತು ಹೋಗುವುದು ನನಗೂ ಕಾಣುತ್ತಿತ್ತು. ಯಾವುದಕ್ಕಾಗಿ ಕಾಯುತ್ತಿದ್ದೇನೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಯಾರನ್ನೂ ಕರೆಯಲು ಕಳಿಸಿರಲಿಲ್ಲ. ಕಲ್ಲವ್ವ ಕಳಿಸಬೇಡಿ ಎಂದಿದ್ದಳು.

ಬನ್ನಿಯ ಗಿಡದ ಮರೆಯಿಂದ ಛತ್ರಿ ಬಂತು. ಜನ ಸರಿದು ದಾರಿ ಬಿಟ್ಟರು. ಪರಸಪ್ಪ ಬಂದು ಈರಭದ್ರಪ್ಪನ ಎದುರು, ಪಡುವಣ ದಿಕ್ಕಿನಲ್ಲಿ ನಿಂತ. ಬುತ್ತಿ ಬಿಚ್ಚುವಾಗ ಇಬ್ಬರೂ ಹಾಗೆಯೇ ಎದುರುಬದುರು ಕೂರುತ್ತಿದ್ದರು. ಅವನು ಆಕಾಶವನ್ನು ನೋಡಲಿಲ್ಲ. ಸುಮ್ಮನೆ ನಿಂತ. ನಾವೂ ನಿಂತೆವು. ನನ್ನ ಬಾಯಲ್ಲಿ ಮಂತ್ರ ನಿಂತು ಬರೀ ಶಿವ ಶಿವ ಅನ್ನುವುದು ಉಳಿಯಿತು. ಆಗ ಪಡುವಣದಲ್ಲಿ, ಮೋಡದ ಅಂಚು ಮತ್ತು ಗುಡ್ಡದ ನೆತ್ತಿಯ ನಡುವೆ ಒಂದು ಬಿರುಕು ತೆರೆಯಿತು. ಕೆಂಪು ಬಿಸಿಲು ನೆಲಕ್ಕೆ ತಾಗಿಕೊಂಡು ಓಡಿ ಬಂದು ಸತ್ತವನ ಮುಖವನ್ನು ಮುಟ್ಟಿತು.

ಪರಸಪ್ಪ ಛತ್ರಿ ಮಡಚಿದ.

ಊರವರೆಲ್ಲ ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ, ಅದು ನನ್ನ ಕೆಲಸವಾಗಿತ್ತು. ಜಗ್ಗಿದ ಹೆಗಲಿನ ಆ ಸಣ್ಣ ಮನುಷ್ಯನ ಕಾಲಿನಿಂದ ನೆಟ್ಟಗೆ, ಅಗಲವಾಗಿ, ಎರಡೂ ಭುಜ ಸಮನಾದ ನೆರಳೊಂದು ಹೊರಟು ಈರಭದ್ರಪ್ಪನ ಪಾದ ದಾಟಿ ಮಡಿಲಲ್ಲಿ ತಲೆಯಿಟ್ಟಿತು.

“ತಡಾ ಆತು, ಈರಣ್ಣ,” ಎಂದ ಪರಸಪ್ಪ.

ಕಲ್ಲವ್ವ ಮುಂದೆ ಬಂದಳು. ತನ್ನ ಉಡಿಯಿಂದ ಜೋಳ ತೆಗೆದು ಗಂಡನ ಅಂಗೈಯಲ್ಲಿಟ್ಟು, ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ವಾಲಿಸಿದಳು. ಕಾಳು ನೆರಳಿನ ತಲೆಯ ಮೇಲೆ ಬಿದ್ದವು. ಪರಸಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಇನ್ನೊಂದು ಹೆಜ್ಜೆ ಸರಿದ. ನೆರಳು ಉಳಿಯಿತು.

ಅದನ್ನು ಮಡಿಸಿ ಮಡಿಲಲ್ಲಿಟ್ಟು ಈರಭದ್ರಪ್ಪನನ್ನು ಇಳಿಸಿದೆವು. ಹಾಕಿದ ಮಣ್ಣು ರೊಟ್ಟಿಯ ಹಿಟ್ಟು ತಟ್ಟಿದ ಹಾಗೆ ಕೂಡಿಕೊಂಡಿತು, ಎಲ್ಲಿಯೂ ಬಿರಿಯಲಿಲ್ಲ. ವಿರೂಪಣ್ಣ ಮಾತ್ರ ಅಂಗೈಯಲ್ಲಿ ಮಣ್ಣು ಒತ್ತಿ ಒತ್ತಿ ನೋಡಿದ. ಕೊನೆಯ ಬಿಸಿಲಲ್ಲಿ ಪರಸಪ್ಪ ಅಂಗಿಯಿಲ್ಲದವನ ಹಾಗೆ ಎದೆಗೆ ಕೈ ಕಟ್ಟಿಕೊಂಡು ಒಂದು ಬದಿಗೆ ನಿಂತಿದ್ದ. ಮೊದಲ ಬಿಸಿಲಿನಲ್ಲೇ ಅದು ತನ್ನದಲ್ಲವೆಂದು ಗೊತ್ತಾಗಿತ್ತು, ನಾಳೆ ಕೊಡೋಣ ನಾಳೆ ಕೊಡೋಣ ಎನ್ನುವಷ್ಟರಲ್ಲಿ ಕೆಮ್ಮು ಇಳಿಯಿತು, ಸಣ್ಣ ಮಗಳು ಹೆಗಲೇರಿ ಕೂರತೊಡಗಿದಳು, ಆಮೇಲೆ ಆ ಮನೆಯ ಮೆಟ್ಟಿಲು ಹತ್ತಲು ಮುಖ ಉಳಿಯಲಿಲ್ಲ ಎಂದು ಮುಂದೆ ಒಂದು ದಿನ ಮಠಕ್ಕೆ ಬಂದು ಹೇಳಿದ. ಅಂದು ಮಾತ್ರ ತಿರುಗಿ ಹೊರಟಿದ್ದ. ಛತ್ರಿಯನ್ನು ಅಲ್ಲೇ ಬಿಟ್ಟಿದ್ದ.

ಕಲ್ಲವ್ವ ಬುಟ್ಟಿ ಹಿಡಿದು ಅವನ ದಾರಿಗೆ ಅಡ್ಡ ನಿಂತಳು.

“ನೀ ಕದ್ದಿಲ್ಲೋ ಪರಸಣ್ಣ. ಎಳಿ ಬದಲಿ ಕಟ್ಟಿದವರು ಅವರs.”

ಪರಸಪ್ಪ ನಿಂತಲ್ಲೇ ಕೂತ. ಯಾರೂ ಅವನನ್ನು ಎಬ್ಬಿಸಲು ಹೋಗಲಿಲ್ಲ. ಕಲ್ಲವ್ವ ಎದುರಿಗೆ ಕೂತು ಕಂಬಳಿ ಸರಿಸಿ ನೆರಳನ್ನು ಹೊರಗೆ ತೆಗೆದಳು. ಹಿಂದೆ ಮರದ ಗೆರೆ ಕಾಣುತ್ತಿದ್ದ ನೆರಳು ಅದು. ಈಗ ಎರೆಮಣ್ಣಿನಷ್ಟು ಕಪ್ಪಗೆ, ದಟ್ಟವಾಗಿತ್ತು. ಅವಳ ಕೈ ಅದರ ಭಾರಕ್ಕೆ ತುಸು ಬಾಗಿತು. ಎರವು ತಂದ ಪಾತ್ರೆಯನ್ನು ನಮ್ಮ ಕಡೆ ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಉಡಿಯಲ್ಲಿ ಉಳಿದಿದ್ದ ಜೋಳವನ್ನು ಆ ಮಡಿಕೆಯೊಳಗೆ ಹಾಕಿ, ಚೆಲ್ಲದಂತೆ ಅಂಚು ಕೂಡಿಸಿ, ಅವಳು ಅದನ್ನು ಅವನ ಎರಡೂ ಕೈಗೆ ಇಟ್ಟಳು.